ಅರ್ಧ ಗಂಟೆಯ ನೂಲು

ಬೆಳಗಾವಿಯ ಕೋಟೆಯಿಂದ ಖಾನಾಪುರದ ಕಡೆಗೆ ಹೊರಟವರಿಗೆ ದಾರಿಯಲ್ಲಿ ಟಿಳಕವಾಡಿ ಸಿಗುತ್ತದೆ. 1924ನೆಯ ಇಸವಿಯ ಡಿಸೆಂಬರ್ 26 ಮತ್ತು 27ರಂದು ಕಾಂಗ್ರೆಸ್ ಮಹಾಸಭೆಯ 39ನೆಯ ಅಧಿವೇಶನ ನೆರೆದದ್ದು ಇಲ್ಲಿಯೇ. ಮಹಾತ್ಮಾ ಗಾಂಧಿಯವರು ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನವದು. ಅಲ್ಲಿ ಅಂಗೀಕೃತವಾದ ಒಂದು ನಿಯಮವು ರಾಜಕಾರಣದ ವಿದ್ಯಾರ್ಥಿಗಿಂತ ವಿಜ್ಞಾನದ ವಿದ್ಯಾರ್ಥಿಗೇ ಹೆಚ್ಚು ಕುತೂಹಲವನ್ನುಂಟುಮಾಡಬೇಕು. ಕಾಂಗ್ರೆಸ್ಸಿನ ಸದಸ್ಯನಾದವನು ವರ್ಷಕ್ಕೆ 24,000 ಗಜಗಳಷ್ಟು ಸಮವಾದ ನೂಲನ್ನು ತಾನೇ ನೂತು ಒಪ್ಪಿಸತಕ್ಕದ್ದು ಎಂಬುದೇ ಆ ನಿಯಮ.

24,000 ಗಜವೆಂದರೆ ಸುಮಾರು 22 ಕಿಲೋಮೀಟರು. ಎಳೆಯ ಒಂದು ತುದಿಯನ್ನು ಕೋಟೆಯ ಬಾಗಿಲಿಗೆ ಕಟ್ಟಿ ನಡೆದರೆ, ಅದು ಮುಗಿಯುವಾಗ ಖಾನಾಪುರ ಇನ್ನೇನು ಬಂದಿತೆನ್ನಬೇಕು. ಕೇಳಿದರೆ ಎದೆ ನಡುಗಿಸುವ ಲೆಕ್ಕ! ಆದರೆ ಇದನ್ನೇ 365ರಿಂದ ಭಾಗಿಸಿರಿ. ದಿನಕ್ಕೆ 60 ಮೀಟರು. ಅರ್ಧ ಗಂಟೆ ಕುಳಿತರೆ ನಿಮಿಷಕ್ಕೆ ಎರಡು ಮೀಟರು ನೂತರಾಯಿತು. ತಿಂಗಳ ಪಾಲನ್ನೆಲ್ಲ ಕೊನೆಯ ದಿನಕ್ಕೆಂದು ಉಳಿಸಿಕೊಂಡವನಾದರೋ ಅದೇ ವೇಗದಲ್ಲಿ ಹದಿನೈದು ಗಂಟೆ ಚರಕದ ಮುಂದಿನಿಂದ ಏಳುವಂತಿಲ್ಲ. ಪರೀಕ್ಷೆಯ ಹಿಂದಿನ ರಾತ್ರಿಯನ್ನು ಬಲ್ಲ ವಾಚಕರಿಗೆ ಇದನ್ನು ವಿವರಿಸಬೇಕಾಗಿಲ್ಲ.

ನಿಯಮದಲ್ಲಿ 'ಸಮವಾದ' ಎಂಬ ಮಾತು ಸುಮ್ಮನೆ ಬಂದುದಲ್ಲ. ನೂಲುವವನ ಬಲಗೈ ಚಕ್ರವನ್ನು ತಿರುಗಿಸುತ್ತದೆ. ಎಡಗೈ ಹಂಜಿಯನ್ನು ಹಿಂದಕ್ಕೆಳೆಯುತ್ತದೆ. ಚಕ್ರವು ಒಂದು ಸುತ್ತು ಬರುವಷ್ಟರಲ್ಲಿ ಕದಿರು ಹತ್ತಾರು ಸುತ್ತು ತಿರುಗಿರುತ್ತದೆ. ಕದಿರಿನ ಒಂದೊಂದು ಸುತ್ತೂ ಎಳೆಗೆ ಒಂದೊಂದು ಹುರಿಯನ್ನು ಕೊಡುತ್ತದೆ. ಈ ಹುರಿಯು ಎಳೆಯ ಉದ್ದಕ್ಕೂ ಸಮನಾಗಿ ಹರಡುವುದಿಲ್ಲ. ದುಂಡಾದ ಕಡ್ಡಿಯೊಂದು ತಿರುಚುವಿಕೆಗೆ ಒಡ್ಡುವ ಪ್ರತಿರೋಧವು ಅದರ ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಪಾತವಾಗಿರುತ್ತದೆ. ವ್ಯಾಸ ಅರ್ಧವಾದರೆ ಪ್ರತಿರೋಧ ಹದಿನಾರರಲ್ಲಿ ಒಂದು ಪಾಲಾಗುತ್ತದೆ. ನೂಲು ಕಡ್ಡಿಯಲ್ಲ ನಿಜ. ಆದರೂ ಅಲ್ಲಿ ನಡೆಯುವುದು ಇದೇ ಬಗೆಯ ವ್ಯಾಪಾರ. ಹುರಿಯು ತೆಳುವಾದ ಕಡೆಗೆ ಓಡಿಹೋಗಿ ಅಲ್ಲಿನ ಎಳೆಗಳನ್ನು ಬಿಗಿಯುತ್ತದೆ. ಆ ಭಾಗ ಇನ್ನು ಹಿಗ್ಗದು. ದಪ್ಪವಾದ ಭಾಗ ಸಡಿಲವಾಗಿಯೇ ಉಳಿದು, ಎಳೆದಂತೆ ತೆಳುವಾಗುತ್ತದೆ. ಹೀಗೆ ನೂಲು ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುತ್ತದೆ. ಆದರೆ ಎರಡು ಕೈಗಳ ವೇಗ ಹೊಂದಿಕೊಂಡಿದ್ದರೆ ಮಾತ್ರ. ಎಡಗೈ ಮುಂದೋಡಿದರೆ ಎಳೆ ಹರಿಯುತ್ತದೆ. ಹಿಂದುಳಿದರೆ ಹುರಿ ಮಿತಿಮೀರಿ ನೂಲು ಗಂಟುಗಂಟಾಗುತ್ತದೆ.

ಈ ಹೊಂದಾಣಿಕೆಯನ್ನು ಬುದ್ಧಿಯಿಂದ ಲೆಕ್ಕಹಾಕಿ ಸಾಧಿಸುವಂತಿಲ್ಲ. ಕೈ ಅಷ್ಟು ಹೊತ್ತು ಕಾಯುವುದಿಲ್ಲ. ಮತ್ತೆ ಮತ್ತೆ ಮಾಡಿದ ಕೆಲಸವನ್ನು ಮಿದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ ಎಂಬ ಭಾಗವು ಕ್ರಮೇಣ ತನ್ನದಾಗಿಸಿಕೊಳ್ಳುತ್ತದೆ. ಆಗ ಅದು ರೂಢಿಯೆನಿಸುತ್ತದೆ. ಇದಕ್ಕೆ ಎಷ್ಟು ಕಾಲ ಬೇಕು? 2010ರಲ್ಲಿ ಪ್ರಕಟವಾದ ಲಂಡನ್ನಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರ ಅಧ್ಯಯನದಲ್ಲಿ 96 ಮಂದಿ ಪಾಲುಗೊಂಡಿದ್ದರು. ಪ್ರತಿಯೊಬ್ಬರೂ ತಾವೇ ಆರಿಸಿಕೊಂಡ ಒಂದು ಸಣ್ಣ ಕೆಲಸವನ್ನು ದಿನವೂ ಒಂದೇ ಸಂದರ್ಭದಲ್ಲಿ, ಊಟವಾದೊಡನೆ ಎಂಬಂತೆ, ಹನ್ನೆರಡು ವಾರ ಮಾಡಬೇಕಾಗಿತ್ತು. ರೂಢಿ ನೆಲೆಗೊಳ್ಳಲು ಕೆಲವರಿಗೆ 18 ದಿನ ಸಾಕಾದರೆ, ಕೆಲವರಿಗೆ 254 ದಿನ ಬೇಕೆಂದು ಲೆಕ್ಕ ಹೊರಟಿತು. ನಡುವಿನ ಬೆಲೆ 66 ದಿನ. (254 ಎಂಬುದು ಕಂಡದ್ದಲ್ಲ, ವಕ್ರರೇಖೆಯನ್ನು ಮುಂದಕ್ಕೆಳೆದು ಪಡೆದದ್ದು.) ಆ ರೇಖೆಯ ಆಕಾರ ಭೌತವಿಜ್ಞಾನದ ವಿದ್ಯಾರ್ಥಿಗೆ ಪರಿಚಿತವಾದುದೇ. ವಿದ್ಯುದ್ಧಾರಕವು ಆವೇಶಗೊಳ್ಳುವಂತೆ ಮೊದಲು ಬೇಗನೆ ಏರಿ, ಬರಬರುತ್ತ ಮಟ್ಟಸವಾಗುತ್ತದೆ. ನಡುವೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ನಷ್ಟವಿಲ್ಲ. ಸುಲಭವಾದ ಕೆಲಸ ಬೇಗನೆ ರೂಢಿಯಾಗುತ್ತದೆ, ವ್ಯಾಯಾಮದಂಥದು ನಿಧಾನ.

ಗಾಂಧಿಯವರು ತಾವು ದಿನವೂ ಮಾಡುತ್ತಿದ್ದುದನ್ನೇ ಇತರರಿಂದ ಬಯಸಿದರು. ಮುಂದಾಳಿನ ಮಾತಿಗೆ ತೂಕ ಬರುವುದು ಹೀಗೆಯೇ. ಆದರೆ ಒಬ್ಬರ ರೂಢಿ ನೋಡುವವರಿಗೆ ತಾನಾಗಿ ಅಂಟುವುದಿಲ್ಲ. ನೂಲುವುದರಲ್ಲಿ ನಂಬಿಕೆಯಿಲ್ಲದ ಸ್ವರಾಜ್ಯ ಪಕ್ಷದವರೊಡನೆ ಬೆಳಗಾವಿಗೆ ಮುಂಚೆಯೇ, ನವೆಂಬರಿನಲ್ಲಿ, ಒಂದು ಒಪ್ಪಂದವಾಗಿತ್ತು. ಅದರಂತೆ, ಕಾಯಿಲೆಯಿಂದಲೋ ಮನಸ್ಸಿಲ್ಲದೆಯೋ ತಾನು ನೂಲದವನು ಬೇರೊಬ್ಬರು ನೂತ ಅಷ್ಟೇ ನೂಲನ್ನು ಒಪ್ಪಿಸಬಹುದಾಗಿತ್ತು. ಅಲ್ಲಿಗೆ ಗಜಗಳ ಲೆಕ್ಕ ಉಳಿಯಿತು. ಕೈ ಮಾತ್ರ ಬದಲಾಯಿತು. ಲಡಿಯನ್ನು ಕೊಂಡು ತರಬಹುದು, ಆದರೆ ಎರಡು ಕೈಗಳ ಹೊಂದಾಣಿಕೆಯನ್ನು ಯಾವ ಅಂಗಡಿಯೂ ಮಾರುವುದಿಲ್ಲ.

ಮುಂದಿನ ಸೆಪ್ಟೆಂಬರಿನಲ್ಲಿಯೇ ಪಾಟ್ನಾದಲ್ಲಿ ನಿಯಮ ಬದಲಾಯಿತು. ವರ್ಷಕ್ಕೆ ನಾಲ್ಕಾಣೆ, ಇಲ್ಲವೆ ಸ್ವತಃ ನೂತ 2,000 ಗಜ ನೂಲು. ದಿನಕ್ಕೆ ಹಂಚಿದರೆ ಐದು ಮೀಟರು, ಎರಡೂವರೆ ನಿಮಿಷದ ಕೆಲಸ! ನನ್ನ ಅಭಿಪ್ರಾಯದಲ್ಲಿ ಕ್ರಮವು ತಲೆಕೆಳಗಾಗಿತ್ತು. ತಪ್ಪಿಸಿಕೊಳ್ಳುವ ಬಾಗಿಲಿಲ್ಲದ ಐದು ಮೀಟರಿನಿಂದ ತೊಡಗಿ ಅರವತ್ತಕ್ಕೆ ಏರಿದ್ದರೆ ಎಷ್ಟು ಮಂದಿ ಉಳಿಯುತ್ತಿದ್ದರೋ! ಈ ಪ್ರಯೋಗವನ್ನು ಬೇಕಾದವರು ತಮ್ಮ ಗಣಿತದ ಪುಸ್ತಕದ ಮೇಲೆ ಮಾಡಿ ನೋಡಬಹುದು. ದಿನಕ್ಕೆ ಎರಡು ಲೆಕ್ಕ, ಅದೇ ಹೊತ್ತಿಗೆ, ಅದೇ ಜಾಗದಲ್ಲಿ.

ಅದೇ ಪಾಟ್ನಾದಲ್ಲಿ, ನೂಲುವ ಮನಸ್ಸುಳ್ಳವರಿಗಾಗಿಯೇ ಅಖಿಲ ಭಾರತ ಚರಕ ಸಂಘವು ಪ್ರತ್ಯೇಕವಾಗಿ ಹುಟ್ಟಿತು. ಬೆಳಗಾವಿ ಅಧಿವೇಶನದ ಸ್ವಾಗತವನ್ನು ಹೊತ್ತಿದ್ದ ಗಂಗಾಧರರಾವ್ ದೇಶಪಾಂಡೆಯವರು ತಮ್ಮ ಹುದಲಿಯಲ್ಲಿ ಖಾದಿಯ ಕೆಲಸವನ್ನು ಬೆಳೆಸಿದರು. 1937ರ ಏಪ್ರಿಲಿನಲ್ಲಿ ಗಾಂಧಿ ಸೇವಾ ಸಂಘದ ಸಮ್ಮೇಳನಕ್ಕಾಗಿ ಗಾಂಧಿಯವರು ಆ ಹಳ್ಳಿಗೆ ಬಂದಾಗ ಅವರಿಗೆ 67 ವರ್ಷ ತುಂಬಿತ್ತು. ದಿನದ ನೂಲುವಿಕೆ ಆಗಲೂ ನಡೆದೇ ಇತ್ತು.