ಅಲೆಯ ಮೇಲೆ ಪಾದ ಎಲ್ಲಿಡಬೇಕು?

ಹಲಗೆಯ ಮೇಲೆ ನಿಂತು ಅಲೆಯೊಡನೆ ದಡದತ್ತ ಜಾರಿ ಬರುವ ಸರ್ಫಿಂಗ್ ಆಟವನ್ನು ನೀವು ಟಿ.ವಿ.ಯಲ್ಲಿ ನೋಡಿರಬಹುದು. ಹವಾಯಿ ದ್ವೀಪಗಳ ಜನ ಶತಮಾನಗಳ ಹಿಂದೆಯೇ ಆಡುತ್ತಿದ್ದ ಈ ಆಟ, 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಸ್ಪರ್ಧೆಯಾಯಿತು. ನಮ್ಮ ಮಂಗಳೂರಿನ ಬಳಿಯ ಸಸಿಹಿತ್ಲು ಕಡಲತೀರದಲ್ಲೂ ರಾಷ್ಟ್ರಮಟ್ಟದ ಸ್ಪರ್ಧೆಗಳು ನಡೆದಿವೆ. ನೋಡುವಾಗ ನಮ್ಮ ಕಣ್ಣು ಸವಾರನ ಚಾಚಿದ ಕೈಗಳ ಮೇಲಿರುತ್ತದೆ. ಆದರೆ ಹಲಗೆಯೊಡನೆ ಮಾತನಾಡುವುದು ಪಾದಗಳು.

ಹಲಗೆಗಳಲ್ಲಿ ಮುಖ್ಯವಾಗಿ ಮೂರು ಬಗೆ. ಸುಮಾರು 6 ಅಡಿಯದು ಗಿಡ್ಡ ಹಲಗೆ. 9 ಅಡಿ ಅಥವಾ ಅದಕ್ಕೂ ಮೇಲ್ಪಟ್ಟದ್ದು ಉದ್ದ ಹಲಗೆ. ಇವೆರಡರ ನಡುವಿನದು ಮಧ್ಯಮ ಹಲಗೆ. ಈಗ ಒಂದು ಸರಳ ಲೆಕ್ಕ ಮಾಡೋಣ. ಸವಾರನ ಎರಡು ಪಾದಗಳ ನಡುವಿನ ಅಂತರ 60 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಅದು ಗಿಡ್ಡ ಹಲಗೆಯ ಮೂರನೆಯ ಒಂದು ಭಾಗ. ಆದ್ದರಿಂದ ನಿಂತಲ್ಲೇ ನಿಂತು ದೇಹ ವಾಲಿಸಿದರೆ ಬಹುಮಟ್ಟಿಗೆ ಸಾಕು. ಉದ್ದ ಹಲಗೆಯಲ್ಲಿ ಅದು ಐದನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಅಷ್ಟೆ. ಅಲ್ಲಿ ಸವಾರ ಹಲಗೆಯ ಮೇಲೆ ಹೆಜ್ಜೆ ಹಾಕಿ ನಡೆಯುತ್ತಾನೆ. ಏಳೂವರೆ ಅಡಿಯ ಮಧ್ಯಮ ಹಲಗೆಯಲ್ಲಿ ಅದು ಸುಮಾರು ಕಾಲು ಭಾಗ. ನಿಂತಲ್ಲೇ ನಿಂತರೆ ಸಾಲದು, ನಡೆದರೆ ಅತಿಯಾಯಿತು. ಇಲ್ಲಿ ಬೇಕಾದುದು ಪಾದವನ್ನು ಗೇಣಿನಷ್ಟು ಜಾರಿಸುವ ಕಲೆ.

ಏಕೆ? ಎರಡೂ ಕಾಲಿನ ಮೇಲೆ ಸಮಭಾರವಿದ್ದರೆ, ತೂಕದ ರೇಖೆ ಹಿಂದಿನ ಪಾದದಿಂದ 30 ಸೆಂಟಿಮೀಟರ್ ಮುಂದೆ ಬೀಳುತ್ತದೆ. ನೂರಕ್ಕೆ 70 ಭಾಗ ಭಾರವನ್ನು ಹಿಂದಿನ ಕಾಲಿಗೆ ಕೊಟ್ಟರೆ ಅದು 18 ಸೆಂಟಿಮೀಟರಿಗೆ ಬರುತ್ತದೆ. ಅಂದರೆ ಬರಿಯ ವಾಲುವಿಕೆಯಿಂದ ದೊರೆತದ್ದು 12 ಸೆಂಟಿಮೀಟರ್ ಮಾತ್ರ. ತೂಕದ ರೇಖೆ ಪಾದಗಳಾಚೆ ಹೋದರೆ ಸವಾರ ನೀರಿಗೆ ಬೀಳುತ್ತಾನೆ. ಇನ್ನೂ ಹೆಚ್ಚು ಸರಿಸಬೇಕಾದರೆ ಪಾದವನ್ನೇ ಸರಿಸಬೇಕು.

ಭಾರ ಅತಿಯಾಗಿ ಮುಂದಾದರೆ ಹಲಗೆಯ ಮೂತಿ ನೀರಿಗೆ ಚುಚ್ಚಿಕೊಂಡು ಸವಾರ ಮುಗ್ಗರಿಸುತ್ತಾನೆ. ಅತಿಯಾಗಿ ಹಿಂದಾದರೆ ಮೂತಿ ಮೇಲೆದ್ದು, ಹಿಂಭಾಗ ನೀರನ್ನು ತಡೆದು, ವೇಗ ಕುಗ್ಗಿ, ಅಲೆ ಅಡಿಯಿಂದ ಹೊರಟುಹೋಗುತ್ತದೆ. ಆದ್ದರಿಂದ ಅಲೆಯ ಇಳಿಜಾರು ಸಮತಟ್ಟಾಗಿ ವೇಗ ಬೇಕೆನಿಸಿದಾಗ ಪಾದಗಳನ್ನು ತುಸು ಮುಂದಕ್ಕೆ ಜಾರಿಸಬೇಕು. ತಿರುಗಿಸಬೇಕಾದಾಗ ಹಿಂದಿನ ಪಾದವನ್ನು ಹಲಗೆಯ ಅಡಿಯಲ್ಲಿರುವ ರೆಕ್ಕೆಗಳ ಮೇಲ್ಭಾಗಕ್ಕೆ ತರಬೇಕು. ಆಗ ಅದೇ ತಿರುಗುಬಿಂದುವಾಗಿ ಹಲಗೆ ಸುಲಭವಾಗಿ ಹೊರಳುತ್ತದೆ. ಎರಡೂ ಪಾದಗಳ ನಡುಭಾಗ ಹಲಗೆಯ ನಡುಗೆರೆಯ ಮೇಲಿರಲಿ. ಬೆರಳುಗಳನ್ನು ಒತ್ತಿದರೆ ಒಂದು ಅಂಚು, ಹಿಮ್ಮಡಿ ಒತ್ತಿದರೆ ಇನ್ನೊಂದು ಅಂಚು ನೀರಿಗಿಳಿಯುತ್ತದೆ. ಮೊಣಕಾಲು ಬಾಗಿರಲಿ. ಪಾದವನ್ನು ಎತ್ತಿಡಬೇಡಿ, ಸವರಿಕೊಂಡೇ ಸರಿಸಿ; ಎತ್ತಿದ ಕ್ಷಣ ನೀವು ಒಂಟಿಕಾಲಿನವರು!

ಮನೆಯ ನೆಲದ ಮೇಲೆ ಸೀಮೆಸುಣ್ಣದಿಂದ ಏಳೂವರೆ ಅಡಿಯ ಹಲಗೆಯ ಚಿತ್ರ ಬರೆದು, ನಡುಗೆರೆ ಎಳೆದು, ಕೆಳಗೆ ನೋಡದೆ ಪಾದ ಜಾರಿಸಿ ಅಭ್ಯಾಸ ಮಾಡಿರಿ. ಈಜು ಬಾರದೆ, ತರಬೇತುದಾರರಿಲ್ಲದೆ ಕಡಲಿಗಿಳಿಯಬೇಡಿ. ಮಳೆಗಾಲದ ನಮ್ಮ ಕರಾವಳಿಯ ಕಡಲು ಕಲಿಯುವವರಿಗಲ್ಲ.

ಚಿತ್ರೀಕರಣಕ್ಕೆ ಹೋಗಿದ್ದಾಗ ಒಬ್ಬ ಹುಡುಗ ಆರೇಳು ಸಲ ಬಿದ್ದು, ತನಗೆ ಧೈರ್ಯ ಸಾಲದು ಎಂದು ಹಲಗೆಯನ್ನು ಮರಳಿನ ಮೇಲಿಟ್ಟು ಕುಳಿತದ್ದನ್ನು ಕಂಡೆ. ದೃಶ್ಯವನ್ನು ನಿಧಾನಗತಿಯಲ್ಲಿ ತೋರಿಸಿದೆವು. ಪ್ರತಿ ಸಲವೂ ಅವನ ಮುಂದಿನ ಪಾದ ಒಂದೇ ಜಾಗದಲ್ಲಿ, ಅಗತ್ಯಕ್ಕಿಂತ ಮುಂದೆ ಊರುತ್ತಿತ್ತು. ಅವನಿಗೆ ಧೈರ್ಯದ ಕೊರತೆಯಿರಲಿಲ್ಲ. ತಪ್ಪಿದ್ದು ಒಂದು ಗೇಣು.