ಬೀಪ್ ಬಂದರೆ ಸಾಲದು

ಕೊಡಗಿನ ಕಕ್ಕಡ ತಿಂಗಳ ಮಳೆಗೆ ಹಾರಂಗಿ ಜಲಾಶಯ ತುಂಬಿದೆ. 2859 ಅಡಿಯ ಗರಿಷ್ಠ ಮಟ್ಟ ಸಮೀಪಿಸಿದ್ದರಿಂದ ಕ್ರೆಸ್ಟ್ ಗೇಟುಗಳನ್ನು ಎತ್ತಿದ್ದಾರೆ. ಕೆಂಪು ನೀರು ನೊರೆಯುಕ್ಕಿಸುತ್ತ ಕೂಡಿಗೆಯ ಕಡೆಗೆ, ಅಲ್ಲಿ ಕಾವೇರಿಯನ್ನು ಕೂಡಲು ಓಡುತ್ತಿದೆ. ಅಣೆಕಟ್ಟೆ ನೋಡಲು ಬಂದವರ ಕಾರುಗಳು ಕುಶಾಲನಗರದ ರಸ್ತೆಯಲ್ಲಿ ಒಂದರ ಹಿಂದೊಂದು ನಿಂತಿವೆ. ಅದೇ ರಸ್ತೆಯ ಬದಿಗೆ, ತಗಡಿನ ಮಾಡಿನ ಕೆಳಗೆ, ಮೋಟಾರ್ ವೈಂಡಿಂಗ್ ಅಂಗಡಿ. ವಾರ್ನಿಷಿನ ವಾಸನೆ, ಮೊಳೆಗೆ ನೇತುಹಾಕಿದ ತಾಮ್ರದ ತಂತಿಯ ಸುರುಳಿಗಳು, ಹೊಟ್ಟೆ ಬಿಚ್ಚಿಟ್ಟ ಸಬ್‌ಮರ್ಸಿಬಲ್ ಪಂಪು, ಕಾಫಿ ಪಲ್ಪರಿನ ಮೋಟಾರು, ಮೂಲೆಯಲ್ಲಿ ಸೋಲಾರ್ ಬೇಲಿಯ ಎನರ್ಜೈಸರ್ ಪೆಟ್ಟಿಗೆಗಳು. ಮೇಜಿನ ಮೇಲೆ ಇವತ್ತು ಒಂದು ಕಪ್ಪು ರೈಫಲ್.

ಅದು ಆಟದ ಗನ್, ಏರ್‌ಸಾಫ್ಟ್. ಜಪಾನಿನಲ್ಲಿ 1970ರ ದಶಕದಲ್ಲಿ ಹುಟ್ಟಿದ ಆಟ. ನಿಜವಾದ ಬಂದೂಕು ಸಾಮಾನ್ಯರ ಕೈಗೆ ಸಿಗದ ದೇಶದಲ್ಲಿ ಆರು ಮಿಲಿಮೀಟರಿನ ಪ್ಲಾಸ್ಟಿಕ್ ಗುಂಡು ಹಾರಿಸಿ ಬಂದೂಕಿನ ಆಸೆ ತೀರಿಸಿಕೊಂಡರು. 1991ರಲ್ಲಿ ಟೋಕಿಯೊ ಮರುಯಿ ಕಂಪನಿ ಫ್ರೆಂಚ್ ಫಾಮಾಸ್ ರೈಫಲಿನ ಮಾದರಿಯಲ್ಲಿ ಬ್ಯಾಟರಿಯಿಂದ ನಡೆಯುವ ಗನ್ ತಂದಿತು. ಹಿಡಿಯೊಳಗೆ ಪುಟ್ಟ ಮೋಟಾರು. ಅದು ಮೂರು ಗೇರುಗಳನ್ನು ತಿರುಗಿಸಿ ಪಿಸ್ಟನ್ನನ್ನು ಹಿಂದಕ್ಕೆಳೆಯುತ್ತದೆ. ಸ್ಪ್ರಿಂಗ್ ಬಿಟ್ಟಾಗ ಗಾಳಿ ಗುಂಡನ್ನು ತಳ್ಳುತ್ತದೆ. ಕೊಡಗಿನ ಮನೆಗಳಿಗೆ ಕೋವಿ ಹೊಸದಲ್ಲ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಅಗ್ನಿಶಿಖೆಯ ಹೂ ಇಟ್ಟು ಪೂಜೆ, ಆಮೇಲೆ ತೆಂಗಿನಕಾಯಿಗೆ ಗುರಿ. ಮೇಜಿನ ಮೇಲಿರುವ ಈ ಗನ್ನಿನಲ್ಲಿ ಮದ್ದಿಲ್ಲ, ವೈರಿದೆ. ಮಳೆಗಾಲದ ತೇವ ಅಲ್ಲಿ ಮದ್ದನ್ನು ಕೆಡಿಸುತ್ತಿತ್ತು, ಇಲ್ಲಿ ತಾಮ್ರವನ್ನು ತಿನ್ನುತ್ತದೆ.

ಗನ್ ತಂದವನು ಬೆಂಗಳೂರಿನಲ್ಲಿ ಓದುತ್ತಿರುವ ಹುಡುಗ, ರಜೆಗೆ ಅಜ್ಜಿಯ ತೋಟಕ್ಕೆ ಬಂದಿದ್ದಾನೆ. "ಅಣ್ಣಾ, ಎರಡು ಹೊಡೆತ ಹೊಡೆದು ನಿಧಾನ ಆಗುತ್ತೆ, ಆಮೇಲೆ ನಿಂತೇ ಹೋಗುತ್ತೆ. ಬ್ಯಾಟರಿ ಫುಲ್ ಇದೆ. ವೈರೆಲ್ಲ ಮೀಟರಿಟ್ಟು ನೋಡಿದ್ದೀನಿ, ಎಲ್ಲ ಕಡೆ ಬೀಪ್ ಬರುತ್ತೆ. ಮೋಟಾರೇ ಹೋಗಿರಬೇಕು."

ಮೆಕ್ಯಾನಿಕ್ ಅಣ್ಣ ಕನ್ನಡಕ ಮೂಗಿಗೇರಿಸಿಕೊಂಡು ಗನ್ನನ್ನು ಮುಟ್ಟುವ ಮೊದಲು ಮ್ಯಾಗಜೀನ್ ತೆಗೆಸಿದರು. ನಳಿಗೆಯಲ್ಲೊಂದು ಗುಂಡು ಉಳಿದಿರಬಹುದು. ಮರಳಿನ ಬಾಂಡ್ಲಿಗೆ ಗುರಿಯಿಟ್ಟು ಒಂದು ಖಾಲಿ ಹೊಡೆತ ಹೊಡೆಸಿದರು. ಹುಡುಗನ ಕಣ್ಣಿಗೆ ಗಾಗಲ್ಸ್ ಹಾಕಿಸಿದರು. ಬ್ಯಾಟರಿ ಹೊರಗೆ ಬಂತು. ಅದು ಊದಿದೆಯೇ ಎಂದು ಬೆರಳಾಡಿಸಿ ನೋಡಿದರು. ಊದಿದ ಲಿಥಿಯಂ ಬ್ಯಾಟರಿಯನ್ನು ಅವರು ಅಂಗಡಿಯೊಳಗೇ ಬಿಟ್ಟುಕೊಳ್ಳುವುದಿಲ್ಲ. ಇದು ಚಪ್ಪಟೆಯಾಗಿಯೇ ಇತ್ತು. ಆಮೇಲೆ ಒಂದೇ ಪ್ರಶ್ನೆ: "ಹೊಡೆದ ಮೇಲೆ ಎಲ್ಲಿ ಬಿಸಿಯಾಗುತ್ತೆ?"

ಹುಡುಗ ಬ್ಯಾಟರಿ ಸಿಕ್ಕಿಸುವ ಕನೆಕ್ಟರ್ ತೋರಿಸಿದ. ಅರ್ಧ ಉತ್ತರ ಅಲ್ಲೇ ಸಿಕ್ಕಿತ್ತು.

ಮೀಟರಿನ ಬೀಪ್ ಸುಳ್ಳು ಹೇಳಿರಲಿಲ್ಲ. ಆದರೆ ಅದು ಹೇಳಿದ್ದು ಬಹಳ ಸಣ್ಣ ಸತ್ಯ. ಕಂಟಿನ್ಯುಟಿ ನೋಡುವಾಗ ಮೀಟರ್ ಹರಿಸುವ ಕರೆಂಟು ಒಂದು ಆಂಪಿಯರಿನ ಸಾವಿರದಲ್ಲೊಂದು ಪಾಲಿನ ಲೆಕ್ಕದ್ದು. ವೈರಿನ ನೂರು ಎಳೆಗಳಲ್ಲಿ ಎರಡೇ ಉಳಿದಿದ್ದರೂ ಅದಕ್ಕೆ ದಾರಿ ಸಿಗುತ್ತದೆ, ಬೀಪ್ ಬರುತ್ತದೆ. ಈ ಮೋಟಾರು ಕೇಳುವುದು ಹತ್ತು–ಹದಿನೈದು ಆಂಪಿಯರ್, ಹೊರಡುವ ಕ್ಷಣದಲ್ಲಿ ಇನ್ನೂ ಹೆಚ್ಚು. ಅಷ್ಟು ಕರೆಂಟು ಹರಿಯುವಾಗಲೇ ಜಾಯಿಂಟಿನ ಬಣ್ಣ ಬಯಲಾಗುವುದು. ಅದನ್ನು ನೋಡದೆ ಹೊಸ ಮೋಟಾರು ತರಿಸುವವರು ಬಹಳ. ಆ ದುಡ್ಡು ದಂಡ. ಹೊಸ ಮೋಟಾರೂ ಹಳೆಯದರ ಹಾಗೆಯೇ ಏದುಸಿರು ಬಿಡುತ್ತದೆ.

ಅಣ್ಣ ಮೀಟರನ್ನು ಡಿಸಿ ವೋಲ್ಟಿಗೆ ತಿರುಗಿಸಿ, ಬ್ಯಾಟರಿ ಮತ್ತೆ ಸಿಕ್ಕಿಸಿದರು. ಸುಮ್ಮನಿದ್ದಾಗ 8.3. "ಆಟೋಗೆ ಹಾಕು. ಎರಡು ಸೆಕೆಂಡ್ ಒತ್ತಿ ಹಿಡಿ, ಇಲ್ಲಾಂದ್ರೆ ಮೀಟರಿಗೆ ಓದೋಕೆ ಪುರಸೊತ್ತಾಗಲ್ಲ." ಗನ್ ನರಳಿತು. ಬ್ಯಾಟರಿಯ ಬಾಯಲ್ಲಿ 7.8: ಬ್ಯಾಟರಿ ಗಟ್ಟಿ. ಮೋಟಾರಿನ ಟರ್ಮಿನಲ್ಲುಗಳಿಗೆ ಮೀಟರಿನ ಕಡ್ಡಿ ಮುಟ್ಟಿಸಿ ಮತ್ತೆ ಒತ್ತಿಸಿದರೆ 5.7. ಎರಡು ವೋಲ್ಟಿಗೂ ಹೆಚ್ಚು ದಾರಿಯಲ್ಲೇ ಸೋರಿದೆ. ಇನ್ನು ದಾರಿಯನ್ನು ತುಂಡುತುಂಡಾಗಿ ಅಳೆಯುವುದು. ಕನೆಕ್ಟರಿನ ಈಚೆಗೊಂದು ಕಡ್ಡಿ, ಆಚೆಗೊಂದು. ಟ್ರಿಗರ್ ಒತ್ತಿದರೆ 0.8. ಹದಿನೈದು ಆಂಪಿಯರಿಗೆ ಲೆಕ್ಕ ಹಾಕಿದರೆ ಹನ್ನೆರಡು ವ್ಯಾಟ್ ಶಾಖ, ಅದೂ ಉಗುರಿನಷ್ಟು ಜಾಗದಲ್ಲಿ. ಬಿಸಿಯಾಗದೆ ಏನಾದೀತು! ಬಿಚ್ಚಿದರೆ ಒಳಗಿನ ಪಿನ್ನುಗಳು ಸಡಿಲಗೊಂಡು ಹಸಿರು ಕಿಲುಬು ಕಟ್ಟಿವೆ. ಫ್ಯೂಸಿನ ಎರಡು ಕಡೆ ಏನೂ ನಷ್ಟವಿಲ್ಲ. ಉಳಿದದ್ದು ಗೇರ್‌ಬಾಕ್ಸಿನ ಒಳಗೆ.

"ಬೇಲಿಯೂ ಹೀಗೇ" ಎಂದರು, ಸ್ಕ್ರೂ ತೆಗೆಯುತ್ತ. ಆನೆ ತಡೆಯಲು ತೋಟದ ಸುತ್ತ ಕಟ್ಟಿದ ಸೋಲಾರ್ ಬೇಲಿಯೇ ಅವರಿಗೆ ವರ್ಷದ ಹೆಚ್ಚಿನ ದುಡಿಮೆ. ಎನರ್ಜೈಸರ್ ಹೆಚ್ಚುಕಡಿಮೆ ಸೆಕೆಂಡಿಗೊಮ್ಮೆ ಸಾವಿರಾರು ವೋಲ್ಟಿನ ಸಣ್ಣ ಹೊಡೆತ ಕೊಡುತ್ತದೆ. ಪೆಟ್ಟಿಗೆಯ ಹತ್ತಿರ ಟೆಸ್ಟರ್ ಇಟ್ಟರೆ ಎಲ್ಲ ಸರಿ, ಕಾಡಿನ ಅಂಚಿಗೆ ಹೋಗುವಷ್ಟರಲ್ಲಿ ಅರ್ಧ. ಎಲ್ಲೋ ಒಂದು ಇನ್ಸುಲೇಟರ್ ಸೀಳಿರುತ್ತದೆ, ತಂತಿಯ ಗಂಟು ತುಕ್ಕು ಹಿಡಿದಿರುತ್ತದೆ, ಲಂಟಾನ ತಂತಿಗೆ ಒರಗಿರುತ್ತದೆ. "ಬಿಸಿಲಲ್ಲಿ ನೋಡಿದ್ರೆ ಬೇಲಿ ಚೆನ್ನಾಗೇ ಇರುತ್ತೆ. ಮಳೇಲಿ ನಡೀಬೇಕು, ಗೂಟದಿಂದ ಗೂಟಕ್ಕೆ. ಆಗ ಸಿಗುತ್ತೆ." ಕತ್ತಲಾದ ಮೇಲೆ ಆನೆ ಬರುವ ಊರಿನಲ್ಲಿ, ಇವರ ಈ ಜಿಗುಟುತನಕ್ಕೆ ಎಷ್ಟೋ ಮನೆಗಳ ನಿದ್ದೆ ಋಣಿಯಾಗಿದೆ.

ಗೇರ್‌ಬಾಕ್ಸ್ ತೆರೆಯುವ ಮೊದಲು ಬ್ಯಾಟರಿ ದೂರವಾಯಿತು. ಒಳಗಿನ ಸ್ಪ್ರಿಂಗ್ ಬಿಗಿಯಾಗಿ ಕೂತಿರುತ್ತದೆ. ಹೆಬ್ಬೆರಳಿನಲ್ಲಿ ಅದುಮಿ ಹಿಡಿದು ಚಿಪ್ಪನ್ನು ಮೆಲ್ಲಗೆ ಎಬ್ಬಿಸಿದರು. ಟ್ರಿಗರಿನ ತಾಮ್ರದ ಕಾಂಟ್ಯಾಕ್ಟುಗಳು ಕರಿ ಕಟ್ಟಿದ್ದವು. ಪ್ರತಿ ಸಲ ಬೆರಳು ಬಿಟ್ಟಾಗಲೂ ಅಲ್ಲಿ ಒಂದು ಕಿಡಿ ಹಾರುತ್ತದೆ, ಕಿಡಿ ಹಾರಿದಲ್ಲಿ ಮಸಿ. ಅದರ ಕೆಳಗೆ, ಚಿಪ್ಪಿನ ಅಂಚು ತಿರುಗುವ ಕಡೆ ಕೆಂಪು ವೈರು ನಜ್ಜುಗುಜ್ಜಾಗಿತ್ತು. ಹೊರಗಿನ ಪದರ ಹರಿದಿಲ್ಲ. ಬ್ಲೇಡಿನಲ್ಲಿ ಸೀಳಿದರೆ ಎಳೆಗಳು ತುಂಡಾಗಿ ಕಪ್ಪಾಗಿವೆ, ಮೂರ್ನಾಲ್ಕು ಮಾತ್ರ ಹಿಡಿದುಕೊಂಡಿವೆ. ಬೀಪ್ ಕೊಡುತ್ತಿದ್ದವು ಇವೇ. ಹುಡುಗ ಬಗ್ಗಿ ನೋಡಿ ಬಹಳ ಹೊತ್ತು ಮಾತಾಡಲಿಲ್ಲ.

ಅವನ ಗನ್ನಿನಲ್ಲಿಲ್ಲದ ರೋಗಗಳನ್ನೂ ಅಣ್ಣ ಕೆಲಸದ ನಡುವೆ ಹೇಳಿಕೊಟ್ಟರು. ಹಾಕಿದ ಫ್ಯೂಸೆಲ್ಲ ಹಾರುತ್ತಿದ್ದರೆ ಮೋಟಾರನ್ನು ಹಿಡಿಯಿಂದ ಹೊರತೆಗೆದು ಬರಿದೇ ತಿರುಗಿಸಿ ನೋಡಬೇಕು. ಸಲೀಸಾಗಿ ತಿರುಗಿದರೆ ವೈರಿನ ತಪ್ಪಲ್ಲ, ಗೇರು ಎಲ್ಲೋ ಸಿಕ್ಕಿಕೊಂಡಿದೆ. ಕೆಂಪು–ಕಪ್ಪು ಅದಲುಬದಲಾದರೆ ಮೋಟಾರು ತಿರುಗುಮುರುಗಾಗಿ ಹೊರಡುತ್ತದೆ, ಗೇರು ಹಿಂದಕ್ಕೆ ತಿರುಗದಂತೆ ತಡೆಯುವ ಕೊಕ್ಕೆ ಬಿಡುವುದಿಲ್ಲ, ವೈರು ಕಾಯುತ್ತದೆ. ಮಾಸ್‌ಫೆಟ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್ ಹಾಕಿಸಿದರೆ ದೊಡ್ಡ ಕರೆಂಟು ಅದರ ಮೂಲಕ ಹೋಗುವುದರಿಂದ ಟ್ರಿಗರಿನ ಕಾಂಟ್ಯಾಕ್ಟ್ ಸುಡುವುದಿಲ್ಲ. ಆದರೆ ಮಾಸ್‌ಫೆಟ್ ಕೆಟ್ಟರೆ ಸಾಮಾನ್ಯವಾಗಿ ಶಾರ್ಟ್ ಆಗಿಯೇ ಕೆಡುತ್ತದೆ. ಬೆರಳು ತೆಗೆದರೂ ಗನ್ ಹೊಡೆಯುತ್ತಲೇ ಇರುತ್ತದೆ. ಆಗ ಬ್ಯಾಟರಿ ಕೀಳುವುದೊಂದೇ ದಾರಿ. ಅದು ಕೈಗೆ ಬೇಗ ಸಿಗುವ ಜಾಗದಲ್ಲಿರಬೇಕು ಎಂದು ಒತ್ತಿ ಹೇಳಿದರು.

ಕಾಂಟ್ಯಾಕ್ಟುಗಳನ್ನು ನಯವಾದ ಸ್ಯಾಂಡ್‌ಪೇಪರಿನಿಂದ ಉಜ್ಜಿ, ಪುಡಿಯನ್ನು ಬಟ್ಟೆಯಲ್ಲಿ ಒರೆಸಿದರು. ಹಳೆಯ ವೈರು ಪೂರ್ತಿ ಹೊರಗೆ. ಅದರ ಜಾಗಕ್ಕೆ ಸಿಲಿಕಾನ್ ಹೊದಿಕೆಯ ಮೆತ್ತನೆಯ ವೈರು, ಅಂಚು ತಾಗದ ಹಾಗೆ ದಾರಿ ಬದಲಿಸಿ. ಸಡಿಲ ಕನೆಕ್ಟರಿಗೆ ಬದಲು ಬಿಗಿಯಾಗಿ ಕೂರುವ ಟಿ-ಪ್ಲಗ್. ಬೆಸುಗೆಗೆ ರಾಳದ ಫ್ಲಕ್ಸ್ ಮಾತ್ರ. ಆಸಿಡ್ ಪೇಸ್ಟಿನ ಡಬ್ಬಿ ಅಲ್ಲೇ ಇದ್ದರೂ ಮುಟ್ಟಲಿಲ್ಲ. ಅದರ ಜಿಡ್ಡು ಉಳಿದರೆ ಈ ಊರಿನ ಹವೆಯಲ್ಲಿ ತಾಮ್ರ ಬೇಗ ಸವೆಯುತ್ತದೆ. ಹೀಟ್-ಶ್ರಿಂಕ್ ಕೊಳವೆಯನ್ನು ಮೊದಲೇ ವೈರಿಗೆ ಪೋಣಿಸಿ, ಬೆಸೆದು, ಆರಿದ ಮೇಲೆ ಮೇಲೆಳೆದು, ಶಾಖ ಕೊಟ್ಟು ಕುಗ್ಗಿಸಿದರು. ಇಂಥ ಕೆಲಸವನ್ನು ಯಾವ ಐಟಿಐ ತರಗತಿಯೂ ಸಂತೋಷದಿಂದ ನಿಂತು ನೋಡಬಹುದು.

ಮತ್ತೆ ಬ್ಯಾಟರಿ, ಮತ್ತೆ ಎರಡು ಸೆಕೆಂಡ್. ಬ್ಯಾಟರಿಯ ಬಾಯಲ್ಲಿ 7.8, ಮೋಟಾರಿನಲ್ಲಿ 7.4. ನರಳಾಟ ಹೋಗಿ ಸದ್ದು ಒಂದೇ ಸಮನಾಗಿ ಹರಿಯಿತು. ಹುಡುಗ ಗನ್ನಿಗೆ ಕೈ ಚಾಚಿದ. ಅಣ್ಣ ಕೊಡಲಿಲ್ಲ. "ಇನ್ನೂ ಒಂದು ಮ್ಯಾಗಜೀನ್ ಖಾಲಿ ಮಾಡು, ಆಮೇಲೆ ಮುಟ್ಟಿ ನೋಡೋಣ." ಹಿತ್ತಲಿನ ಗೋಡೆಗೆ ಆನಿಸಿದ ರಟ್ಟಿನ ಮೇಲೆ ಗುಂಡುಗಳು ಪಟಪಟ ಬಿದ್ದವು. ಟಿ-ಪ್ಲಗ್ಗನ್ನು ಬೆರಳಲ್ಲಿ ಹಿಡಿದು ನೋಡಿದರು, ತಣ್ಣಗಿತ್ತು. ಬ್ಯಾಟರಿ ಬಿಡಿಸಿ ಹುಡುಗನ ಕೈಗೆ ಬೇರೆಯಾಗಿಯೇ ಕೊಟ್ಟರು: ಮಳೆಗಾಲ ಮುಗಿಯುವವರೆಗೆ ಗನ್ನಿನೊಳಗೆ ಇಡಬೇಡ, ಆಡದ ದಿನಗಳಲ್ಲಿ ಸೆಲ್ಲಿಗೆ 3.8 ವೋಲ್ಟಿನಷ್ಟಿರಲಿ, ಫುಲ್ ಚಾರ್ಜ್ ಮಾಡಿ ಮರೆತುಬಿಡಬೇಡ. ಹುಡುಗ ಅದನ್ನೆಲ್ಲ ಫೋನಿನಲ್ಲಿ ಬರೆದುಕೊಂಡ, ಕೆಳಗೆ 7.8, 7.4 ಎಂದೂ ಸೇರಿಸಿ, ಮುಂದಿನ ವರ್ಷ ಹೋಲಿಸಿ ನೋಡಲು ಬೇಕಾಗುತ್ತದೆ ಅಂದ.