ಬಿಸಿಲಿನ ಲೆಕ್ಕಕ್ಕೂ ಮುದ್ರೆ ಬೇಕು

ಸೋಮಂದೇಪಲ್ಲಿಯ ಅಂಗಡಿಗಳಲ್ಲಿ ತಕ್ಕಡಿಗೆ ಸರ್ಕಾರಿ ಮುದ್ರೆ ಇರಲೇಬೇಕು. ಬಿಸಿಲಿನಿಂದ ವಿದ್ಯುತ್ ಕೊಡುವ ಸಾಮಾನಿಗೂ ಅಂಥದು ಬೇಕೆಂದು ನಮಗೆ ತೋರುತ್ತದೆ. ಮಾಳಿಗೆಯ ಮೇಲೆ ಸಾಮಾನ್ಯವಾಗಿ ಕಾಣುವುದು ಸಿಲಿಕಾನ್ ಫಲಕ. ಇಂಗಾಲದ ಸಂಯುಕ್ತಗಳನ್ನು ಶಾಯಿಯಂತೆ ಪ್ಲಾಸ್ಟಿಕ್ ಹಾಳೆಗೆ ಬಳಿದು ಮಾಡುವುದು ಸಾವಯವ ಸೌರಕೋಶ (ಗೊಬ್ಬರದ ಸಾವಯವವಲ್ಲ!). ಬೆಂಗಳೂರು ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದಲ್ಲೂ ಇದರ ಸಂಶೋಧನೆ ನಡೆದಿದೆ.

ಅಳೆಯುವ ಕಟ್ಟಳೆ ಎಲ್ಲೆಡೆಯೂ ಒಂದೇ: ಚದರ ಮೀಟರಿಗೆ 1000 ವ್ಯಾಟ್ ಬೆಳಕು, 25 ಡಿಗ್ರಿ ಶಾಖ. ಆದರೂ ಲೆಕ್ಕ ತಪ್ಪುತ್ತದೆ. ಪ್ರಯೋಗದ ಕೋಶ ಬಹು ಚಿಕ್ಕದು. 10 ಚದರ ಮಿಲಿಮೀಟರ್ ಎಂದು ಬರೆದದ್ದು ಅಂಚಿನ ಬೆಳಕೂ ಸೇರಿ 12ರಷ್ಟು ದುಡಿದರೆ, ಶೇಕಡಾ 10ರ ಕೋಶ ಶೇಕಡಾ 12 ಎನಿಸಿಕೊಳ್ಳುತ್ತದೆ. ಗಿಡ್ಡ ಗಜಕೋಲಿನಲ್ಲಿ ಬಟ್ಟೆ ಅಳೆದಂತೆ. ಅದಕ್ಕೇ ತೂತುಳ್ಳ ಕಪ್ಪು ತಗಡು ಮುಚ್ಚಿ, ತೂತಿನಷ್ಟನ್ನೇ ಲೆಕ್ಕ ಹಿಡಿಯುತ್ತಾರೆ.

2009ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಇಂಥ ಹಾಳೆಗಳನ್ನು 18 ಪ್ರಯೋಗಾಲಯಗಳು ಅಳೆದು ನೋಡಿದವು. 2011ರಲ್ಲಿ ಹಲವು ದೇಶಗಳವರು ಬಾಳಿಕೆಯ ಪರೀಕ್ಷೆಗೂ ಕಟ್ಟಳೆ ಬರೆದರು: ಕತ್ತಲಲ್ಲಿ, ದೀಪದಡಿ, ಬಯಲಿನಲ್ಲಿ ಇಟ್ಟು ನೋಡಿ, ಶಾಖ ತೇವಗಳನ್ನು ಬರೆದಿಡಬೇಕು.

ಮಾರಲು ಬಂದವರನ್ನು ಶೇಕಡಾ ಎಷ್ಟೆಂದಷ್ಟೇ ಅಲ್ಲ, ಎಲ್ಲಿ, ಎಷ್ಟು ಶಾಖದಲ್ಲಿ ಅಳೆದದ್ದೆಂದೂ ಕೇಳಿರಿ. ವೈಶಾಖದಲ್ಲಿ ನಮ್ಮ ಮಾಳಿಗೆ 25 ಡಿಗ್ರಿಯಲ್ಲಿ ನಿಲ್ಲುವುದಿಲ್ಲವಷ್ಟೆ!